ನಗೆಮಾಮನ ನಗು ಊರ ಪಾಲಾದದ್ದು

ನನ್ನ ಹೊಲಿಗೆ ಅಂಗಡಿಗೂ ಪಕ್ಕದ ಕಟಿಂಗ್ ಶಾಪಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಕಟ್ಟಡದ ಮಾಲೀಕರು ಅದನ್ನು ಗೋಡೆ ಎಂದು ಕರೆಯುತ್ತಾರೆ, ಅವರ ಬಾಯಿ, ಅವರ ಇಷ್ಟ. ಆಚೆ ಯಾರಾದರೂ ಸೀನಿದರೆ ಈಚೆ ನನ್ನ ಹೊಲಿಗೆ ಡೊಂಕಾಗುತ್ತದೆ. ಹೀಗಿರುವಾಗ ನಗೆಮಾಮನ ನಗುವನ್ನು ನಾನು ಕೇಳಿದಷ್ಟು ಅವರ ಹೆಂಡತಿಯೂ ಕೇಳಿರಲಿಕ್ಕಿಲ್ಲ.

ನಗೆಮಾಮ ಅಂದರೆ ಆ ಕಟಿಂಗ್ ಶಾಪಿನವರು. ಅರವತ್ತು ದಾಟಿದೆ, ತಮ್ಮ ತಲೆಯಲ್ಲಿ ಕೂದಲಿಲ್ಲ, ಊರಿನ ಅರ್ಧ ಗಂಡಸರ ತಲೆ ಅವರ ಕೈಯಲ್ಲಿದೆ. ಮಕ್ಕಳು ಇಟ್ಟ ಹೆಸರು ನಗೆಮಾಮ, ಈಗ ಮಕ್ಕಳ ಅಪ್ಪಂದಿರೂ ಹಾಗೇ ಕರೆಯುತ್ತಾರೆ. ಹೆಸರು ಬರಲು ಕಾರಣ ಆ ನಗು. ಮೊದಲು ಉಸಿರನ್ನು ಒಳಗೆ ಎಳೆದುಕೊಳ್ಳುತ್ತಾರೆ, ಸೈಕಲ್ ಪಂಪನ್ನು ಮೇಲಕ್ಕೆ ಎಳೆದ ಹಾಗೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಹೊಟ್ಟೆಯ ತಳದಿಂದ ಹೊರಟು, ಗಂಟಲಲ್ಲಿ ಒಡೆದು, ಕೊನೆಗೆ ಚಿಕ್ಕ ಮಗುವಿನ ಕೀರಲು ದನಿಯಲ್ಲಿ ಮುಗಿಯುತ್ತದೆ. ಅಷ್ಟು ದೊಡ್ಡ ಮನುಷ್ಯನ ಬಾಯಿಂದ ಆ ಕೀರಲು ಬಂದಾಗ ಎಂಥ ಸಿಡುಕನಿಗೂ ನಗು ತಡೆಯುವುದಿಲ್ಲ. ನಾನೇ ಎಷ್ಟೋ ಸಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ನಗಲೂ ಆಗದೆ ಬಿಡಲೂ ಆಗದೆ ಒದ್ದಾಡಿದ್ದೇನೆ.

ಅವರ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಕೈಯಲ್ಲಿ ಕತ್ತರಿಯೋ ಬ್ಲೇಡೋ ಇರುವಾಗ ನಗುವ ಹಾಗಿಲ್ಲ. ನಗು ಬಂದರೆ ಕೈಯಲ್ಲಿರುವುದನ್ನು ಮೊದಲು ಕನ್ನಡಿಯ ಕೆಳಗಿನ ಹಲಗೆಯ ಮೇಲಿಡಬೇಕು, ಕುರ್ಚಿಯಿಂದ ಎರಡು ಹೆಜ್ಜೆ ಹಿಂದೆ ಸರಿಯಬೇಕು, ನಕ್ಕು ಮುಗಿಸಬೇಕು, ಕಣ್ಣೊರೆಸಿಕೊಂಡು ವಾಪಸ್ ಬರಬೇಕು. "ನಗುವಾಗ ಕೈ ನಮ್ಮ ಮಾತು ಕೇಳಲ್ಲಮ್ಮ" ಅನ್ನುತ್ತಿದ್ದರು ನನಗೆ. ಕತ್ತರಿ ಹಲಗೆಗೆ ತಾಗಿದ ಟಕ್ ಸದ್ದು ಕೇಳಿದರೆ ನಾನು ಈಚೆ ಮೆಷೀನ್ ನಿಲ್ಲಿಸುತ್ತಿದ್ದೆ, ಈಗ ಬರುತ್ತದೆ ಅಂತ.

ಮಕ್ಕಳೆಂದರೆ ಅವರಿಗೆ ಪ್ರಾಣ. ತಮಗೆ ಮಕ್ಕಳಿಲ್ಲ. ಅಳುತ್ತಾ ಬಂದ ಪುಟ್ಟ ಮಗುವನ್ನು ಕುರ್ಚಿಯ ಕೈಗಳ ಮೇಲೆ ಅಡ್ಡಹಲಗೆ ಹಾಕಿ ಕೂರಿಸಿ, "ಯಜಮಾನ್ರೇ, ಮೀಸೆ ಎಷ್ಟು ಬಿಡೋಣ?" ಎಂದು ಗಂಭೀರವಾಗಿ ಕೇಳುವರು. ಮಗು ಅಳು ನಿಲ್ಲಿಸಿ ಮೀಸೆ ಮುಟ್ಟಿ ನೋಡಿಕೊಳ್ಳುವಷ್ಟರಲ್ಲಿ ಅರ್ಧ ತಲೆ ಮುಗಿದಿರುತ್ತಿತ್ತು.

ಹಾಗೆ ಅಡ್ಡಹಲಗೆಯ ಮೇಲೆ ಕೂತು ಬೆಳೆದವರಲ್ಲಿ ಒಬ್ಬ ಗಡಿಬಿಡಿ, ಊರೆಲ್ಲ ಅವನನ್ನು ಕರೆಯುವುದೇ ಹಾಗೆ. ಅವನಮ್ಮ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಚುಚ್ಚುವ ಕೆಲಸದವಳು. ಅವಳ ಬಿಳಿ ಕೋಟು ಹೊಲಿದು ಕೊಡುವವಳು ನಾನು. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ, ಮನೆಯಲ್ಲಿ ತಾಯಿ ಮಗ ಇಬ್ಬರೇ. ಹುಡುಗನಿಗೆ ಕೆಟ್ಟ ಬುದ್ಧಿ ಅನ್ನುವುದು ಒಂಚೂರೂ ಇರಲಿಲ್ಲ. ಇದ್ದದ್ದು ಆತುರ. ಛತ್ರಿ ಹಿಡಿದು ಹಾರಿದರೆ ತೇಲಬಹುದಾ ಎಂದು ಮೆಟ್ಟಿಲ ಮೇಲಿಂದ ಹಾರಿ ಕಾಲು ಉಳುಕಿಸಿಕೊಂಡವನು. ನನ್ನ ಅಂಗಡಿಗೆ ಬಂದಾಗ, ಓಡುವ ಸೂಜಿಯ ಕೆಳಗೆ ಬೆರಳಿಟ್ಟರೆ ಮೆಷೀನ್ ನಿಲ್ಲುತ್ತದಾ ಎಂದು ಇಟ್ಟೇ ನೋಡಿದವನು. ನಿಲ್ಲಲಿಲ್ಲ. "ಯಾಕೋ ಹಿಂಗೆ ಮಾಡ್ದೆ?" ಅಂತ ನಾನು ಬೆರಳಿಗೆ ಬಟ್ಟೆ ಸುತ್ತುತ್ತಾ ಬೈದರೆ, "ಗೊತ್ತಿಲ್ಲ ಆಂಟಿ, ಮಾಡಿದ ಮೇಲೆ ಗೊತ್ತಾಯ್ತು" ಅಂದ. ಅವನಮ್ಮ ಹೇಳುತ್ತಿದ್ದಳು, ಇವನಿಗೆ ಕೈ ಮೊದಲು ಹುಟ್ಟಿದ್ದು, ತಲೆ ಆಮೇಲೆ ಬಂದಿದ್ದು ಅಂತ.

ಎಂಟನೇ ಕ್ಲಾಸಿಗೆ ಬಂದಾಗ ಅವಳು ಅವನಿಗೊಂದು ಫೋನು ಕೊಡಿಸಿದಳು. ಲ್ಯಾಬಿನಿಂದ ಬರುವುದು ತಡವಾದರೆ ಹೇಳಬೇಕಲ್ಲ, ಅದಕ್ಕೆ. ಅಲ್ಲಿಂದ ಆ ಹುಡುಗನ ಕುತ್ತಿಗೆ ನೆಟ್ಟಗಾದದ್ದನ್ನು ನಾನು ನೋಡಲಿಲ್ಲ. ಊಟಕ್ಕೂ ಅದೇ, ಓದಿಗೂ ಅದೇ, ರಸ್ತೆ ದಾಟುವಾಗಲೂ ಅದೇ. ಕಟಿಂಗಿಗೆ ಕೂತರೆ ಹೊದಿಸಿದ ಬಿಳಿ ಬಟ್ಟೆಯ ಒಳಗೆ ಬೆಳಕು ಕಾಣುತ್ತಿತ್ತು. "ಯಜಮಾನ್ರೇ, ಒಳಗೆ ದೀಪ ಹಚ್ಚಿಟ್ಟಿದೀರಾ?" ಎಂದು ನಗೆಮಾಮ ಕಿಚಾಯಿಸುತ್ತಿದ್ದರು. ನನಗಂತೂ ಮೊದಲಿಂದಲೂ ಆ ಸಾಮಾನು ಕಂಡರೆ ಆಗದು. ಆದರೆ ಕೇಳುವವರು ಯಾರು? ನನ್ನ ಮನೆಯಲ್ಲೇ ಒಬ್ಬಳು ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾಳೆ.

ಆ ದಿನ ಗಡಿಬಿಡಿ ಶಾಲೆ ಬಿಟ್ಟು ನೇರವಾಗಿ ಕಟಿಂಗಿಗೆ ಬಂದ. ಜೊತೆಗೆ ಅವನ ಜೀವದ ಗೆಳೆಯ, ಕನ್ನಡಕದ ಹುಡುಗ. ಆಗ ಫೋನಿನಲ್ಲಿ ಒಂದು ಪಂಥ ಓಡಾಡುತ್ತಿತ್ತಂತೆ: ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳಬೇಕು, ಇನ್ನೊಬ್ಬ ಅದನ್ನು ವಿಡಿಯೋ ಮಾಡಬೇಕು. ಇಬ್ಬರೂ ಮೊದಲೇ ಮಾತಾಡಿಕೊಂಡು ಬಂದಿದ್ದರು ಅಂತೇನಿಲ್ಲ. ಕನ್ನಡಕದವನು ಬೆಂಚಿನ ಮೇಲೆ ಕೂತು ಸುಮ್ಮನೆ ವಿಡಿಯೋ ಮಾಡುತ್ತಿದ್ದ, ಅವನಿಗೆ ಅದು ಉಸಿರಾಡಿದ ಹಾಗೆ. ಮಾಡುತ್ತಲೇ ಅವತ್ತು ಶಾಲೆಯಲ್ಲಿ ಮೇಷ್ಟ್ರ ಪ್ಯಾಂಟು ಕುರ್ಚಿಯ ಮೊಳೆಗೆ ಸಿಕ್ಕಿದ ಕಥೆ ಹೇಳಿದ. ಕಥೆ ಮುಗಿಯುವ ಮೊದಲೇ ನಗೆಮಾಮನಿಗೆ ನಗು ಬಂತು. ಎಂದಿನಂತೆ ಕೈಯಲ್ಲಿದ್ದ ಟ್ರಿಮ್ಮರನ್ನು ಹಲಗೆಯ ಮೇಲಿಟ್ಟರು, ಎರಡು ಹೆಜ್ಜೆ ಹಿಂದೆ ಸರಿದರು. ಟ್ರಿಮ್ಮರ್ ಇನ್ನೂ ಗುಯ್‌ಗುಡುತ್ತಿತ್ತು.

ಬಟ್ಟೆಯೊಳಗಿಂದ ಗಡಿಬಿಡಿಯ ಕೈ ಹೊರಗೆ ಬಂತು. ಟ್ರಿಮ್ಮರ್ ಎತ್ತಿಕೊಂಡು ಹಣೆಯಿಂದ ನೆತ್ತಿಯವರೆಗೆ ಒಂದೇ ಎಳೆತ ಎಳೆದ. ತಲೆಯ ನಟ್ಟನಡುವೆ ಬೋಳು ದಾರಿಯೊಂದು ಬಿತ್ತು. ನಗೆಮಾಮ ತಿರುಗಿ ನೋಡಿದಾಗ ಅವರ ನಗು ಅರ್ಧ ದಾರಿಯಲ್ಲಿತ್ತು. ಆ ತಲೆ ಕಂಡು ಅದು ಎರಡು ಪಟ್ಟಾಯಿತು. ನಾನು ಈಚೆಯಿಂದ ಕೇಳಿದ ನಗುಗಳಲ್ಲೆಲ್ಲ ದೊಡ್ಡದು ಅದೇ.

ವಿಡಿಯೋದಲ್ಲಿ ಇರುವುದು ಇಷ್ಟು: ಗಡಿಬಿಡಿ ಮೊದಲು ಹಲ್ಲು ಕಿರಿಯುತ್ತಾನೆ, ಗೆದ್ದವನ ಹಾಗೆ. ಆಮೇಲೆ ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುತ್ತಾನೆ. ಹಲ್ಲು ಒಳಗೆ ಹೋಗುತ್ತದೆ. ಕೆಳತುಟಿ ಅದುರುತ್ತದೆ. ಕಣ್ಣು ತುಂಬಿಕೊಳ್ಳುತ್ತದೆ. ಅಷ್ಟರ ಉದ್ದಕ್ಕೂ ಹಿಂದೆ ಆ ನಗು, ಕೊನೆಯ ಕೀರಲಿನ ಸಮೇತ.

ನಗೆಮಾಮ ಆಮೇಲೆ ಅವನನ್ನು ಸಮಾಧಾನ ಮಾಡಿದ್ದೂ ನಿಜ. "ಕೂದಲು ತಾನೇ ಮಗಾ, ಅದಕ್ಕೆ ಬೆಳೆಯೋದು ಬಿಟ್ರೆ ಬೇರೆ ಏನು ಕೆಲಸ ಇದೆ?" ಎಂದು ಉಳಿದದ್ದನ್ನೂ ನೀಟಾಗಿ ತೆಗೆದು, ತಲೆ ತೊಳೆದು, ಒರೆಸಿ ಕಳಿಸಿದರು. ಹೋಗುವಾಗ ಹುಡುಗ ನಗುತ್ತಲೇ ಇದ್ದ, ನಾನೇ ನೋಡಿದ್ದೇನೆ. ಅವನು ನಮ್ಮ ಅಂಗಡಿಗಳ ಮೆಟ್ಟಿಲು ಇಳಿಯುವ ಮೊದಲೇ ಕನ್ನಡಕದವನ ಬೆರಳು ಕೆಲಸ ಮುಗಿಸಿತ್ತು.

ಸಂಜೆ ನನ್ನ ಮಗಳು ಅದನ್ನು ನನಗೆ ತೋರಿಸಿದಳು. ಮರುದಿನ ಇಡೀ ಶಾಲೆ ನೋಡಿತ್ತು. ವಾರ ಕಳೆಯುವಷ್ಟರಲ್ಲಿ ಯಾವ ಯಾವ ಊರಿನ ಮಕ್ಕಳೋ ನೋಡಿದ್ದರು. ಆಮೇಲೆ ನನಗೆ ಈಗಲೂ ಪೂರ್ತಿ ಅರ್ಥವಾಗದ ಒಂದು ಕೆಲಸ ನಡೆಯಿತು. ಯಾರೋ ಆ ವಿಡಿಯೋದಿಂದ ನಗುವನ್ನು ಮಾತ್ರ ಬಿಡಿಸಿಕೊಂಡರು, ನಾವು ಹಳೇ ಅಂಗಿಯಿಂದ ಕಾಲರ್ ಬಿಚ್ಚಿಕೊಳ್ಳುವ ಹಾಗೆ. ಬಿಡಿಸಿದ ನಗುವನ್ನು ಯಾರು ಬೇಕಾದರೂ ಯಾವ ಚಿತ್ರಕ್ಕೆ ಬೇಕಾದರೂ ಅಂಟಿಸಬಹುದಂತೆ. ಮೊಡವೆ ಇದ್ದ ಹುಡುಗಿಯ ಮುಖಕ್ಕೆ ಅಂಟಿಸಿದರು. ಫೇಲಾದವನ ಅಂಕಪಟ್ಟಿಗೆ ಅಂಟಿಸಿದರು. ಓಟದಲ್ಲಿ ಬಿದ್ದವನಿಗೆ, ತೊದಲುವವನಿಗೆ, ಎಲ್ಲರಿಗೂ. ನಮ್ಮೂರಲ್ಲಿ ಮಾತ್ರ ಅದು ತಿರುಗಿ ತಿರುಗಿ ಗಡಿಬಿಡಿಗೇ ಬರುತ್ತಿತ್ತು. ಅವನು ಕ್ಲಾಸಿಗೆ ಕಾಲಿಟ್ಟರೆ ಯಾವುದೋ ಬೆಂಚಿನ ಕೆಳಗಿಂದ ಆ ನಗು ಹೊರಡುತ್ತಿತ್ತು.

ನಗೆಮಾಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ, ನನಗೂ ಮಗಳ ಬಾಯಿಂದ ಇಷ್ಟೆಲ್ಲ ಗೊತ್ತಾದದ್ದು ಆಮೇಲೆಯೇ. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಅವರಿಗೆ ಗೊತ್ತಾದದ್ದು ಒಂದೇ, ತಮ್ಮ ನಗು ಹೆಸರಾಗಿದೆ ಅಂತ. ಅದನ್ನು ಹೇಳಿದವರೂ ಹುಡುಗರೇ. ಒಂದು ದಿನ ದೊಡ್ಡ ಕ್ಲಾಸಿನ ನಾಲ್ಕಾರು ಹುಡುಗರು ಬಂದು, "ಮಾಮ, ನಿಮ್ಮ ನಗು ಅಂದ್ರೆ ಎಲ್ರಿಗೂ ಇಷ್ಟ. ಇನ್ನೊಂದ್ಸಲ ನಗಿ, ರೆಕಾರ್ಡ್ ಮಾಡ್ಕೋತೀವಿ" ಅಂದರು. ಮಕ್ಕಳು ಕೇಳಿದ್ದನ್ನು ಇಲ್ಲ ಅಂದು ಅವರಿಗೆ ಅಭ್ಯಾಸವಿಲ್ಲ. ಕತ್ತರಿ ಕೆಳಗಿಟ್ಟು ನಕ್ಕರು. ಮರುದಿನ ಇನ್ನಷ್ಟು ಜನ ಬಂದರು. ಆಮೇಲೆ ಅದು ದಿನಚರಿಯಾಯಿತು. "ಸಣ್ಣದು ಬೇಕಾ, ದೊಡ್ಡದು ಬೇಕಾ?" ಎಂದು ಅವರೇ ಕೇಳುತ್ತಿದ್ದರು. ಸಣ್ಣದು ಅಂದರೆ ಬರೀ ಕೀರಲು. ದೊಡ್ಡದು ಅಂದರೆ ಹೊಟ್ಟೆಯಿಂದ. ಗಿರಾಕಿ ಸೋಪು ನೊರೆ ಮುಖಕ್ಕೆ ಹಚ್ಚಿಸಿಕೊಂಡು ಕಾಯುತ್ತಿದ್ದರೂ ಸರಿಯೇ, ಹುಡುಗರಿಗೆ ನಗು ಕೊಟ್ಟೇ ಕಳಿಸುವರು. "ನೋಡಮ್ಮ, ಈ ವಯಸ್ಸಲ್ಲಿ ನನಗೆ ಬೇಡಿಕೆ ಬಂತು" ಎಂದು ನನ್ನ ಬಾಗಿಲಲ್ಲಿ ನಿಂತು ಹೇಳಿದರು ಒಂದು ಸಲ. ಮುಖ ಅರಳಿತ್ತು. ಮಕ್ಕಳು ತಮಗಾಗಿ ಹುಡುಕಿಕೊಂಡು ಬರುತ್ತಾರೆ ಎಂಬ ಸಂತೋಷ ಆ ಮನುಷ್ಯನಿಗೆ ಎಷ್ಟಿತ್ತು ಎಂದು ನೆನೆಸಿಕೊಂಡರೆ ನಾನು ಈಗಲೂ ಮೆಷೀನ್ ನಿಲ್ಲಿಸಿ ಕೂರುತ್ತೇನೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗಡಿಬಿಡಿಯ ಅಮ್ಮ ಬಂದಳು. ಬಿಳಿ ಕೋಟಿನಲ್ಲೇ ಇದ್ದಳು. ಕಟಿಂಗ್ ಶಾಪಿನ ಬೆಂಚಿನ ಮೇಲೆ ಗಿರಾಕಿಯ ಹಾಗೆ ಕೂತು ತನ್ನ ಸರದಿ ಕಾಯುತ್ತಿದ್ದಳು. ಅಂಗಡಿ ಖಾಲಿಯಾಗುವವರೆಗೂ ಮಾತಾಡಲಿಲ್ಲ. ನಾನು ಬಟ್ಟೆಗೆ ಗುಂಡಿ ಹಚ್ಚುತ್ತಾ ಹೊರಗೆ ನಿಂತಿದ್ದೆ.

"ಬನ್ನಿ ತಾಯಿ, ಎಲ್ಲಿ ನಮ್ಮ ಯಜಮಾನ್ರು? ತಲೆ ಬೆಳೆದು ಕಾಡಾಗಿರಬೇಕಲ್ಲ?" ಅಂದರು ನಗೆಮಾಮ.

"ಬೆಳೆದಿದೆ ಅಣ್ಣ. ಹೊರಗೆ ಬರಲ್ಲ ಅಂತಾನೆ. ಸ್ಕೂಲಿಗೂ ಹೋಗ್ತಿಲ್ಲ."

"ಯಾಕೆ, ಹುಷಾರಿಲ್ವಾ?"

ಅವಳು ಫೋನು ತೆಗೆದು ಅವರ ಮುಂದೆ ಹಿಡಿದಳು. ಮೊದಲು ಅಂಗಡಿಯ ವಿಡಿಯೋ. ಆಮೇಲೆ ಗಡಿಬಿಡಿ ಶಾಲೆಯ ಮೂಲೆಯಲ್ಲಿ ಒಬ್ಬನೇ ಕೂತು ಡಬ್ಬಿಯ ಊಟ ಮಾಡುತ್ತಿರುವುದು, ಹಿಂದೆ ದೊಡ್ಡ ನಗು. ಆಮೇಲೆ ಅವನು ಶೌಚಾಲಯದ ಬಾಗಿಲು ಹಿಡಿದುಕೊಂಡು ನಿಂತದ್ದು, ಹೊರಗಿಂದ ಯಾರೋ ತಳ್ಳುತ್ತಿರುವುದು. ಅದಕ್ಕೆ ಸಣ್ಣ ನಗು. ಬರೀ ಕೀರಲು.

"ಇದು ಯಾವಾಗ ನಕ್ಕಿದ್ದು ಅಣ್ಣ?"

ನಗೆಮಾಮ ಕೈಯಲ್ಲಿದ್ದ ಬಾಚಣಿಗೆಯನ್ನು ಕೆಳಗಿಟ್ಟರು. "ಹೋದ ವಾರ. ಹುಡುಗರು ಬಂದಿದ್ರು. ಕೇಳಿದ್ರು."

"ಕೇಳಿದ್ರೆ ಕೊಟ್ಬಿಡೋದಾ?"

ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ನಾನು ದಿನಾ ಎಷ್ಟೋ ಜನಕ್ಕೆ ಸೂಜಿ ಚುಚ್ತೀನಿ ಅಣ್ಣ. ಚುಚ್ಚೋ ಮುಂಚೆ ಹೇಳ್ತೀನಿ, ಈಗ ಸ್ವಲ್ಪ ನೋವಾಗುತ್ತೆ ಅಂತ. ನನ್ನ ಮಗನಿಗೆ ಯಾರೂ ಹೇಳ್ಲಿಲ್ಲ" ಎಂದು ಎದ್ದು ಹೋದಳು.

ಅವತ್ತು ನಗೆಮಾಮ ಕುರ್ಚಿಯಲ್ಲಿ, ಗಿರಾಕಿ ಕೂರುವ ಕುರ್ಚಿಯಲ್ಲಿ, ಕನ್ನಡಿಗೆ ಎದುರಾಗಿ ಕೂತುಬಿಟ್ಟರು. ನಾನು ನೀರು ಕೊಟ್ಟರೆ ಕುಡಿಯಲಿಲ್ಲ. "ಅವನ ಹೊಟ್ಟೆಗೆ ಬೆಂಕಿ ಇಡೋಕೆ ನಾನೇ ಕಡ್ಡಿ ಹಂಚಿದೆನಲ್ಲಮ್ಮ" ಅಂದರು. ಲೋಟವನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು ಬಂದೆ.

ಮರುದಿನದಿಂದ ಅವರು ತಮಗೆ ತಿಳಿದ ದಾರಿಯಲ್ಲಿ ಹೊರಟರು. ಹುಡುಗರಿಗೆ ಹೇಳಿ ನೋಡಿದರು. ಅವರು ಹೂಂ ಹೂಂ ಅಂದು ರಸ್ತೆಯ ಆ ಬದಿಗೆ ಹೋಗಿ ಇವರದೇ ನಗುವನ್ನು ಇವರಿಗೇ ಕೇಳಿಸಿದರು. ಆಮೇಲೆ ಅಪ್ಪಂದಿರನ್ನು ಹಿಡಿದರು. ಮುಖಕ್ಕೆ ನೊರೆ ಹಚ್ಚಿ, ಗಲ್ಲ ಎತ್ತಿ, ಬ್ಲೇಡನ್ನು ಗಂಟಲಿಗೆ ತಾಗಿಸಿ, "ನಿಮ್ಮ ಮಗನ ಫೋನಲ್ಲಿ ನನ್ನ ನಗು ಇದೆ. ಇವತ್ತು ಮನೆಗೆ ಹೋಗಿ ಅಳಿಸಬೇಕು" ಅನ್ನುವರು. ಆ ಭಂಗಿಯಲ್ಲಿ ಯಾವ ಅಪ್ಪ ತಾನೆ ಇಲ್ಲ ಅಂದಾನು? ಊರಿನ ಅರ್ಧ ಗಂಡಸರು ಕಣ್ಣಲ್ಲೇ ಹೂಂ ಅಂದು ಹೋದರು. ನನಗೆ ನಗು ಬಂತು, ನಗೆಮಾಮನಿಗೆ ಬರಲಿಲ್ಲ. ಎಷ್ಟೋ ಮನೆಗಳಲ್ಲಿ ಅಳಿಸಿದ್ದೂ ನಿಜ. ಆದರೆ ನನ್ನ ಮಗಳು ಹೇಳಿದಳು, ಊರಲ್ಲಿ ಅಳಿಸಿದರೆ ಏನಮ್ಮ, ಅದು ಈಗ ಎಲ್ಲಿದೆ ಅಂತ ಅದಕ್ಕೇ ಗೊತ್ತಿಲ್ಲ ಅಂತ. ಅವಳ ಫೋನಿನಲ್ಲಿ ಇದ್ದದ್ದನ್ನು ನಾನು ಎದುರಿಗೆ ಕೂತು ಅಳಿಸಿದೆ, ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಬಿಡಲಿ.

ಕನ್ನಡಕದ ಹುಡುಗ ಒಂದು ದಿನ ತಾನಾಗಿಯೇ ಬಂದ. ಬಾಗಿಲ ಹತ್ತಿರವೇ ನಿಂತು ಅಳಲು ಶುರುಮಾಡಿದ. "ಅವತ್ತು ಸಂಜೆನೇ ತೆಗೆದ್ಬಿಟ್ಟೆ ಮಾಮ. ಅಷ್ಟರಲ್ಲಿ ಹೋಗ್ಬಿಟ್ಟಿತ್ತು. ಅವನು ನನ್ ಜೊತೆ ಮಾತಾಡ್ತಿಲ್ಲ."

"ಯಾಕೋ ಹಾಕ್ದೆ?"

"ಗೊತ್ತಿಲ್ಲ ಮಾಮ. ಕೈಲಿತ್ತು, ಒತ್ತಿದೆ."

ನಗೆಮಾಮ ಅವನನ್ನು ಬೈಯಲಿಲ್ಲ. ಮುಖ ತೊಳೆಸಿ, ಕನ್ನಡಕ ಒರೆಸಿ ಕೊಟ್ಟು ಕಳಿಸಿದರು. ನಾನಾಗಿದ್ದರೆ ಎರಡು ಬಿಗಿಯುತ್ತಿದ್ದೆ, ಆಮೇಲೆ ಬೇಕಾದರೆ ಕನ್ನಡಕ ಒರೆಸುತ್ತಿದ್ದೆ.

ಆ ದಿನಗಳಲ್ಲಿ ಅವರು ನಗುವುದನ್ನು ಬಿಟ್ಟರು. ಬಿಟ್ಟರು ಅನ್ನುವುದಕ್ಕಿಂತ ಹಿಡಿದಿಟ್ಟರು ಅನ್ನಬೇಕು. ಬಾಯಿಗೆ ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು, ಹೊಲಿದು ಕೊಟ್ಟವಳು ನಾನೇ. ಗಿರಾಕಿಗಳು ತಮಾಷೆ ಮಾಡಿದರೆ ತಲೆ ಅಲ್ಲಾಡಿಸುವರು. ಕೆಲವರು ನನ್ನ ಹತ್ತಿರ ಬಂದು, ಅವರ ಮನೆಯಾಕೆಗೆ ಹುಷಾರಿಲ್ವಾ ಎಂದು ಗುಟ್ಟಾಗಿ ಕೇಳಿದರು. ಹಲಗೆಯ ಆಚೆ ಕತ್ತರಿಯ ಕಿಚಕಿಚ ಬಿಟ್ಟರೆ ಬೇರೆ ಸದ್ದಿಲ್ಲ. ಮೊದಲು ನನ್ನ ಹೊಲಿಗೆ ಕೆಡಿಸುತ್ತಾರೆ ಎಂದು ಗೊಣಗುತ್ತಿದ್ದವಳು ನಾನು. ಈಗ ಹೊಲಿಗೆ ನೆಟ್ಟಗಿತ್ತು, ಮನಸ್ಸಿಗೆ ಸಂಕಟವಾಗುತ್ತಿತ್ತು.

ಗಡಿಬಿಡಿಯ ಅಮ್ಮ ಕೋಟು ಕೊಡಲು ಬಂದಾಗಲೆಲ್ಲ ನಾನು ಕೇಳುತ್ತಿದ್ದೆ. ಹುಡುಗ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಫೋನು ಕಿತ್ತುಕೊಂಡರೆ ಊಟ ಬಿಡುತ್ತಿದ್ದ, ಕೊಟ್ಟರೆ ನಿದ್ದೆ ಬಿಡುತ್ತಿದ್ದ. ಮೊದಲು ಆಟಕ್ಕೆ ನೋಡುತ್ತಿದ್ದ, ಈಗ ತನ್ನ ಬಗ್ಗೆ ಯಾರು ಏನು ಬರೆದರು ಎಂದು ನೋಡುವುದೇ ಕೆಲಸ. ಕೂದಲು ಕಿವಿ ಮುಚ್ಚುವಷ್ಟು ಬೆಳೆದಿತ್ತು, ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಒಂದು ದಿನ ಅವಳೇ ಅಂದಳು, "ನಿನ್ನೆ ಏನಂದ ಗೊತ್ತಾ ಅಕ್ಕ? ಸ್ಕೂಲಿಗೆ ಹೋಗ್ತೀನಿ ಬೇಕಾದ್ರೆ, ಆದ್ರೆ ತಲೆ ಸರಿ ಮಾಡಿಸಿ ಅಂದ. ಯಾರ ಹತ್ರ ಅಂದೆ. ಮಾಮನೇ ಮಾಡ್ಲಿ, ಅವರೇ ಮಾಡ್ಲಿ ಅಂದ. ನೀವೂ ಬನ್ನಿ ಅಕ್ಕ. ನನಗೆ ಒಬ್ಳಿಗೆ ಧೈರ್ಯ ಇಲ್ಲ."

ಆ ಸುದ್ದಿ ಹೇಳಿದಾಗ ನಗೆಮಾಮ ಕತ್ತರಿಗೆ ಎಣ್ಣೆ ಹಾಕಲು ಕೂತರು. ಎಣ್ಣೆ ಹಾಕಿದ ಕತ್ತರಿಗೇ ಇನ್ನೊಮ್ಮೆ ಹಾಕಿದರು. ಹುಡುಗ ಶಾಲೆಗೆ ಹೋಗುತ್ತಾನೋ ಇಲ್ಲವೋ ಎಂಬುದು ತಮ್ಮ ಕೈಯಲ್ಲಿದೆ ಎಂದು ಅವರಿಗೆ ಅನಿಸಿಬಿಟ್ಟಿತ್ತು. ನನಗೂ ಹಾಗೇ ಅನಿಸಿತ್ತು.

ಭಾನುವಾರ ಬೆಳಿಗ್ಗೆ ಹೋದೆವು. ಚಿಕ್ಕ ಮನೆ. ನಡುಮನೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಕೆಳಗೆ ಹಳೇ ಪೇಪರು ಹಾಸಿದ್ದಳು. ಕಿಟಕಿಯ ಪರದೆಗಳನ್ನು ಎಳೆದಿದ್ದರು. ಹುಡುಗ ಹೊರಗೆ ಬಂದ. ನನಗೆ ಗುರುತೇ ಸಿಗಲಿಲ್ಲ. ಮುಖ ಬಿಳಿಚಿಕೊಂಡಿತ್ತು, ಕಣ್ಣಿನ ಕೆಳಗೆ ಕಪ್ಪು, ಫೋನು ಹಿಡಿದ ಕೈ ಮಾತ್ರ ಗಟ್ಟಿಯಾಗಿತ್ತು. ಅವನಮ್ಮ ಮತ್ತು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆವು.

"ಮೆಷೀನ್ ಬೇಡ" ಅಂದ.

"ತಂದೇ ಇಲ್ಲ ಮಗಾ. ಬರೀ ಕತ್ತರಿ."

ಬಟ್ಟೆ ಹೊದಿಸಿದರು. ಒಳಗೆ ಫೋನಿನ ಬೆಳಕು ಹತ್ತಿಕೊಂಡಿತು. ನಗೆಮಾಮ ಯಜಮಾನ್ರೇ ಅನ್ನಲಿಲ್ಲ, ದೀಪದ ಮಾತು ಆಡಲಿಲ್ಲ. ಹಿಂದಿನಿಂದ ಒಂದೊಂದೇ ಎಳೆ ಎತ್ತಿ ಕತ್ತರಿಸತೊಡಗಿದರು. ಬಹಳ ಹೊತ್ತು ಹಾಗೇ ನಡೆಯಿತು.

"ಮಾಮ, ಅವತ್ತು ಯಾಕೆ ನಕ್ರಿ?"

ಕತ್ತರಿ ನಿಂತಿತು. ಮತ್ತೆ ಶುರುವಾಯಿತು. "ನಗು ಬಂತು ಮಗಾ. ಸುಳ್ಳು ಹೇಳಲ್ಲ. ತಲೆ ನೋಡಿ ನಗು ಬಂತು. ನಿನ್ನ ಮುಖ ನೋಡ್ಲಿಲ್ಲ ನಾನು. ನೋಡಿದ್ರೆ ನಗ್ತಿರ್ಲಿಲ್ಲ."

"ಅವ್ರೆಲ್ಲ ಮುಖ ನೋಡಿದ್ರು. ನೋಡಿನೇ ನಕ್ರು."

"ಹೂಂ."

"ದಿನಾ ಬರೀತಾರೆ. ಓದಬಾರ್ದು ಅಂದ್ಕೊಂಡೇ ಓದ್ತೀನಿ. ಒಬ್ಬ ಇದಾನೆ, ಎಲ್ರಿಗಿಂತ ಕೆಟ್ಟದಾಗಿ ಬರೀತಾನೆ." ಬಟ್ಟೆಯೊಳಗಿನ ಬೆಳಕು ಆರಿತು. "ಅದು ನಾನೇ ಮಾಮ."

"ಅಂದ್ರೆ?"

"ಬೇರೆ ಹೆಸರಿಟ್ಕೊಂಡಿದೀನಿ. ನನ್ನ ಬಗ್ಗೆ ನಾನೇ ಬರೀತೀನಿ. ಅದನ್ನ ಓದಿ ಎಲ್ರೂ ನಗ್ತಾರೆ, ಸೂಪರ್ ಅಂತಾರೆ. ಆವಾಗ ನಾನೂ ಅವ್ರ ಜೊತೆ ಇದ್ದಂಗಿರುತ್ತೆ."

ನನ್ನ ಪಕ್ಕದಲ್ಲಿ ಅವನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾನು ಅವಳ ಇನ್ನೊಂದು ಕೈ ಹಿಡಿದೆ. ನಗೆಮಾಮನ ಕೈ ಕೆಲಸ ಬಿಡಲಿಲ್ಲ. ಕಿವಿಯ ಹಿಂದೆ ನಿಧಾನವಾಗಿ ಸುತ್ತಿ ಬಂದರು. "ಇನ್ಮೇಲೆ ಬರೀಬೇಡ ಮಗಾ. ನಾನಿದೀನಿ ಜೊತೆಗೆ. ಸಂಜೆ ಅಂಗಡಿಗೆ ಬಾ, ಸುಮ್ನೆ ಬೆಂಚಿನ ಮೇಲೆ ಕೂತ್ಕೋ. ನನಗೂ ಮಕ್ಕಳು ಅಂತ ಯಾರೂ ಇಲ್ಲ" ಅಂದರು. ಹುಡುಗ ತಲೆ ಅಲ್ಲಾಡಿಸಿದ. ಅಲ್ಲಾಡಿಸಬೇಡ, ಕಿವಿ ಹೋದೀತು ಅಂದರು. ಅವನ ತುಟಿಯ ಒಂದು ಕೊನೆ ಸ್ವಲ್ಪ ಮೇಲೆದ್ದದ್ದನ್ನು ನಾನು ಕಂಡೆ.

ಕತ್ತರಿಸಿ ಮುಗಿಯಿತು. ಕುತ್ತಿಗೆಯ ಮೇಲಿನ ಕೂದಲು ಝಾಡಿಸಿ ಕೈಗನ್ನಡಿ ಕೊಟ್ಟರು. ಅದನ್ನು ಹಿಡಿಯಲು ಹುಡುಗ ಫೋನನ್ನು ನೆಲದ ಮೇಲಿಟ್ಟ. ಅವನಮ್ಮ ನನ್ನ ಕೈ ಅದುಮಿದಳು, ಅವಳಿಗೆ ಅದೇ ದೊಡ್ಡದಾಗಿ ಕಂಡಿತ್ತು. ಚೆಂದ ಕತ್ತರಿಸಿದ್ದರು, ಹುಡುಗ ಮತ್ತೆ ಹುಡುಗನ ಹಾಗೆ ಕಾಣುತ್ತಿದ್ದ. ಅವನು ಕನ್ನಡಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡ. ಆಮೇಲೆ ಹೇಳಿದ, "ಎರಡು ಕಿವಿನೂ ಇದೆ ಮಾಮ. ಒಂದನ್ನ ನೀವು ಕೂಲಿಗೆ ಇಟ್ಕೊಂಡಿರ್ತೀರ ಅಂದ್ಕೊಂಡಿದ್ದೆ."

ಅಷ್ಟೂ ತಿಂಗಳಲ್ಲಿ ಅವನು ಆಡಿದ ಮೊದಲ ತಮಾಷೆ ಅದು. ಮಾಸ್ಕಿನ ಮೇಲೆ ನಗೆಮಾಮನ ಕಣ್ಣಲ್ಲಿ ಬಂದ ಸಂತೋಷವನ್ನು ನಾನು ನೋಡಿದೆ. ಆಮೇಲೆ ಅವರು ಉಸಿರನ್ನು ಒಳಗೆ ಎಳೆದುಕೊಂಡದ್ದು ಕೇಳಿಸಿತು. ಬೇಡ ಅಣ್ಣ ಅನ್ನಬೇಕು ಅನ್ನುವಷ್ಟರಲ್ಲಿ ಹೊರಟೇಬಿಟ್ಟಿತು. ಇಷ್ಟು ದಿನ ಹಿಡಿದಿಟ್ಟಿದ್ದು, ಮಾಸ್ಕು ಯಾವ ಮೂಲೆಗೆ? ಹೊಟ್ಟೆಯಿಂದ ಎದ್ದು, ಗಂಟಲಲ್ಲಿ ಒಡೆದು, ಕೊನೆಯ ಕೀರಲಿನವರೆಗೂ ಆ ಚಿಕ್ಕ ಮನೆಯ ತುಂಬ ನಕ್ಕರು.

ಹುಡುಗನ ಎರಡೂ ಕೈ ತಲೆಯ ಮೇಲೆ ಹೋದವು. ಹೊಡೆತ ತಪ್ಪಿಸಿಕೊಳ್ಳುವವನ ಹಾಗೆ ಕುರ್ಚಿಯಲ್ಲೇ ಮುದುಡಿದ. ಆಮೇಲೆ ಎದ್ದ, ನೆಲದ ಮೇಲಿದ್ದ ಫೋನು ತೆಗೆದುಕೊಂಡ, ಹೊದಿಸಿದ ಬಟ್ಟೆಯ ಸಮೇತ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ.

ನಗೆಮಾಮ ಬಾಗಿಲಿಗೆ ಹಣೆ ಹಚ್ಚಿ ನಿಂತರು. "ಮಗಾ, ನಿನ್ನ ನೋಡಿ ನಕ್ಕಿದ್ದಲ್ಲ ಕಣೋ. ನೀನು ಹೇಳಿದ್ದಕ್ಕೆ ನಕ್ಕಿದ್ದು. ಖುಷಿಗೆ ಬಂತು. ಬಾಗಿಲು ತೆಗಿ ಮಗಾ."

ಸ್ವಲ್ಪ ಹೊತ್ತಿಗೆ ಒಳಗಿಂದ ಆ ನಗು ಕೇಳಿಸಿತು, ಫೋನಿನದು. ಮುಗಿಯಿತು, ಮತ್ತೆ ಹಾಕಿದ. ಮುಗಿಯಿತು, ಮತ್ತೆ ಹಾಕಿದ. ಈಗ ತಾನೇ ಕೇಳಿದ್ದಕ್ಕೂ ಅದಕ್ಕೂ ಏನಾದರೂ ವ್ಯತ್ಯಾಸ ಇದೆಯಾ ಎಂದು ತಾಳೆ ನೋಡುತ್ತಿದ್ದನೋ ಏನೋ. ನಿಜ ಹೇಳಬೇಕೆಂದರೆ, ವರ್ಷಗಟ್ಟಲೆ ಹಲಗೆಯ ಈಚೆ ಕೂತು ಕೇಳಿದ ನನಗೂ ವ್ಯತ್ಯಾಸ ತಿಳಿಯಲಿಲ್ಲ.

ಶಾಲೆಯ ಮಾತು ಅಲ್ಲಿಗೆ ಮುಗಿಯಿತು. ಆ ವರ್ಷ ಕಳೆಯುವ ಮೊದಲೇ ಅವಳು ಲ್ಯಾಬಿನ ಕೆಲಸ ಬಿಟ್ಟು ಮಗನನ್ನು ಕರೆದುಕೊಂಡು ತನ್ನ ಅಣ್ಣನ ಊರಿಗೆ ಹೋದಳು. ಅಲ್ಲಿ ಹುಡುಗನನ್ನು ಒಬ್ಬ ಡಾಕ್ಟರಿಗೆ ತೋರಿಸುತ್ತಿದ್ದಾಳೆ, ಮಾತಾಡಿಸುವ ಡಾಕ್ಟರು. ವಾರದಲ್ಲಿ ಕೆಲವು ದಿನ ಶಾಲೆಗೆ ಹೋಗುತ್ತಾನಂತೆ. ಆ ಶಾಲೆಗೆ ಇವನಿಗಿಂತ ಮೊದಲೇ ವಿಡಿಯೋ ಹೋಗಿತ್ತಾ ಎಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ.

ನಗೆಮಾಮ ಈಗಲೂ ಅಂಗಡಿ ತೆಗೆಯುತ್ತಾರೆ. ಅವರ ಅಂಗಡಿಗೆ ಮಕ್ಕಳು ಕಡಿಮೆ. ಆಗೊಮ್ಮೆ ಈಗೊಮ್ಮೆ ಗಿರಾಕಿ ಇಲ್ಲದ ಹೊತ್ತಲ್ಲಿ ನನ್ನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾನು ಏನೂ ಕೇಳದೆ ನನ್ನ ಫೋನಿನಿಂದ ಅವಳಿಗೆ ಕರೆ ಮಾಡಿ ಸ್ಪೀಕರ್ ಹಾಕಿ ಮೇಜಿನ ಮೇಲಿಡುತ್ತೇನೆ. ಮೊನ್ನೆಯೂ ಹಾಗೇ ಆಯಿತು.

"ಹೇಗಿದಾನಮ್ಮ?"

"ಪರವಾಗಿಲ್ಲ ಅಣ್ಣ. ಮೊದಲಿಗಿಂತ ಪರವಾಗಿಲ್ಲ."

"ತಲೆ ಯಾರು ಕತ್ತರಿಸ್ತಾರೆ?"

"ನಾನೇ. ಅಂಕುಡೊಂಕಾಗುತ್ತೆ. ಅವನು ಏನೂ ಅನ್ನಲ್ಲ."

"ಮಾತಾಡ್ತಾನಾ?"

"ಮಾತಾಡ್ತಾನೆ. ಮೊನ್ನೆ ಊಟಕ್ಕೆ ಕೂತಾಗ ಅವನ ಮಾವನ ಬಗ್ಗೆ ಏನೋ ತಮಾಷೆ ಮಾಡ್ದ. ತುಂಬಾ ಚೆನ್ನಾಗಿತ್ತು ಅಣ್ಣ." ಆಮೇಲೆ ಅವಳ ದನಿ ಸಣ್ಣದಾಯಿತು. "ನಾನು, ನಮ್ಮಣ್ಣ, ಅತ್ತಿಗೆ, ಎಲ್ರೂ ತಟ್ಟೆ ನೋಡ್ಕೊಂಡು ಕೂತ್ವಿ. ಅವನ ಮುಂದೆ ನಗಬಾರ್ದು ಅಂತ ನಾವು ಮೊದಲೇ ಮಾತಾಡ್ಕೊಂಡಿದೀವಲ್ಲ. ಅವನು ಒಬ್ಬೊಬ್ಬರ ಮುಖನೂ ನೋಡ್ದ. ಆಮೇಲೆ, ಚೆನ್ನಾಗಿರ್ಲಿಲ್ವಾ ಅಮ್ಮ ಅಂತ ಕೇಳ್ದ."

ನಗೆಮಾಮ ತಿರುಗಿ ತಮ್ಮ ಅಂಗಡಿಗೆ ಹೋದರು. ಫೋನಿನಲ್ಲಿ ಅವಳು ಇನ್ನೂ ಅಣ್ಣ, ಅಣ್ಣ ಅನ್ನುತ್ತಿದ್ದಳು.